ಮೀನು, ಕಳ್ಳಿ ಮತ್ತು ನೋಡುಗನ ಬೆರಳು

1972ರಲ್ಲಿ ಜರ್ಮನಿಯ ಕ್ರೇಫೆಲ್ಡ್ ಊರಿನ ಮ್ಯೂಸಿಯಂಗೆ ಹೋದವರಿಗೆ ಗೋಡೆಯ ಮೇಲಿನ ಚಿತ್ರಗಳ ಬದಲು ಕೊಳೆನೀರು ಕಾದಿತ್ತು. ರೈನ್ ನದಿಯ ಕಲುಷಿತ ನೀರನ್ನು ತರಿಸಿದ್ದ ಕಲಾವಿದ ಹಾನ್ಸ್ ಹಾಕೆ, ಅದನ್ನು ಶುದ್ಧಗೊಳಿಸಿ ತೊಟ್ಟಿಗೆ ಬಿಟ್ಟಿದ್ದರು. ಅದರಲ್ಲಿ ಗೋಲ್ಡ್‌ಫಿಶ್‌ಗಳು ಈಜುತ್ತಿದ್ದವು. ಮೀನು ಬದುಕಿದ್ದರೆ ನೀರು ಸರಿಯಿದೆ ಎಂದೇ ಅರ್ಥ. ಹೆಚ್ಚಾದ ನೀರು ತೋಟಕ್ಕೆ ಹೋಗುತ್ತಿತ್ತು. ಜೀವಿಯೇ ಕಲಾಕೃತಿಯ ಭಾಗವಾಗಿತ್ತು, ಆದರೆ ನೋಡುಗರಿಗೆ ಅಲ್ಲಿ ನೋಡುವುದಷ್ಟೇ ಕೆಲಸ.

ಬ್ರೆಜಿಲ್‌ನಲ್ಲಿ ಅಷ್ಟರೊಳಗೆ ನೋಡುಗನಿಗೂ ಕೃತಿಗೂ ನಡುವಿನ ಗೆರೆ ಅಳಿಸಿಹೋಗಿತ್ತು. 1967ರಲ್ಲಿ ರಿಯೋದಲ್ಲಿ ಎಲಿಯೊ ಒಯ್ಟಿಸಿಕಾ ಕಟ್ಟಿದ 'ಟ್ರೊಪಿಕಾಲಿಯಾ'ದಲ್ಲಿ ಜನ ಮರಳು ತುಳಿದು, ಗಿಡಗಳ ನಡುವೆ ನುಸುಳಿ, ಜೀವಂತ ಗಿಳಿಗಳನ್ನು ದಾಟಿ ನಡೆಯಬೇಕಿತ್ತು.

ಕಂಪ್ಯೂಟರ್ ಬಂದ ಮೇಲೆ ಆಟ ಬೇರೆಯೇ ಆಯಿತು. ಕ್ರಿಸ್ಟಾ ಸೊಮ್ಮರರ್ ಮತ್ತು ಲೊರಾಂ ಮಿನ್ಯೊನೊ 1992ರಲ್ಲಿ ಐದು ನಿಜವಾದ ಕುಂಡದ ಗಿಡಗಳನ್ನು ದೊಡ್ಡ ಪರದೆಯ ಮುಂದಿಟ್ಟರು. ಕೈ ಹತ್ತಿರ ತಂದರೆ ಸಾಕು, ಮುಟ್ಟಲೇಬೇಕೆಂದಿಲ್ಲ. ಗಿಡಕ್ಕೂ ಕೈಗೂ ನಡುವಿನ ವಿದ್ಯುತ್ ಒತ್ತಡದ ಸಣ್ಣ ವ್ಯತ್ಯಾಸವನ್ನು ಅಳೆದು ಪರದೆಯ ಮೇಲೆ ಜರಿಗಿಡ, ಬಳ್ಳಿ, ಪಾಚಿ ಹಬ್ಬುತ್ತಿದ್ದವು. ಕೈ ಎಷ್ಟು ಹತ್ತಿರವಿದೆ ಎನ್ನುವುದರ ಮೇಲೆ ಅವುಗಳ ರೂಪವೂ ಬದಲಾಗುತ್ತಿತ್ತು. ಐದರಲ್ಲಿ ಒಂದು ಕಳ್ಳಿ. ಅದನ್ನು ಮುಟ್ಟಿದರೆ ಬೆಳೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಈ ಬಗೆಯ ಕಲೆಯಲ್ಲಿ ನನಗೆ ತೀರಾ ಜಾಣತನದ್ದೆನಿಸುವುದು ಆ ಕಳ್ಳಿಯೇ: ಬೆಳೆಸುವ ಕೈಗೇ ಅಳಿಸುವ ಅಧಿಕಾರವೂ ಇದೆ, ಆದರೆ ಸಾಯುವುದು ಬರೀ ಚಿತ್ರ.

2000ದಲ್ಲಿ ಆ ರಿಯಾಯಿತಿಯೂ ಹೋಯಿತು. ಡೆನ್ಮಾರ್ಕ್‌ನ ಟ್ರಾಪ್‌ಹೋಲ್ಟ್ ಮ್ಯೂಸಿಯಂನಲ್ಲಿ ಮಾರ್ಕೊ ಎವರಿಸ್ಟಿ ಹತ್ತು ಮಿಕ್ಸಿಗಳಲ್ಲಿ ನೀರು ತುಂಬಿಸಿ ಒಂದೊಂದು ಗೋಲ್ಡ್‌ಫಿಶ್ ಬಿಟ್ಟರು. ಕರೆಂಟ್ ಇತ್ತು, ಗುಂಡಿ ಎದುರಿಗೇ ಇತ್ತು. ಯಾರೋ ಒತ್ತಿಯೂ ಬಿಟ್ಟರು. ಪ್ರಾಣಿಹಿಂಸೆಯ ಕೇಸು ಬಿದ್ದದ್ದು ಮ್ಯೂಸಿಯಂ ನಿರ್ದೇಶಕರ ಮೇಲೆ. ಮೀನುಗಳು ಕ್ಷಣದಲ್ಲೇ ಸತ್ತವು, ನರಳಲಿಲ್ಲ ಎಂಬ ಕಾರಣಕ್ಕೆ 2003ರಲ್ಲಿ ಅವರು ಖುಲಾಸೆಯಾದರು. ಒತ್ತಿದ ಬೆರಳಿಗೆ ಕಲಾವಿದ ಕೊಟ್ಟದ್ದು ಸ್ವಾತಂತ್ರ್ಯ ಎಂದು ವಾದಿಸುವವರಿದ್ದಾರೆ. ಮೀನಿನ ಪಾಲಿಗೆ ಆ ವಾದ ಏನು ಪ್ರಯೋಜನವೋ!

ಜೀವಕೋಶವನ್ನೇ ಕಲಾಕೃತಿ ಮಾಡಿದಾಗ ತೊಡಕು ಪ್ರದರ್ಶನ ಏರ್ಪಡಿಸುವ ಕ್ಯುರೇಟರ್ ತಲೆಗೆ ಬಂತು. 2008ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂ ಮೋಮಾದಲ್ಲಿ ಇಲಿಯ ಕೋಶಗಳಿಂದ ಬೆಳೆಯುತ್ತಿದ್ದ ಪುಟ್ಟ ಕೋಟು ಅಂದಾಜು ಮೀರಿ ಬೆಳೆಯತೊಡಗಿತು. ಕೊನೆಗೆ ಅದಕ್ಕೆ ಪೋಷಣೆ ನಿಲ್ಲಿಸಬೇಕಾಯಿತು.

ಮರುವರ್ಷ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಇನ್ನೊಂದು ದಾರಿ ಹಿಡಿದರು. ಒಣಮಣ್ಣಿಗೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆಗೆ ಕಾರಣವಾದ ಜಿಯೊಸ್ಮಿನ್ ಅನ್ನು ಇ. ಕೋಲಿ ಬ್ಯಾಕ್ಟೀರಿಯಾದಿಂದ ಹೊರಡಿಸುವ ಯೋಜನೆ ಹೊತ್ತು, ಆಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆಯುತ್ತಿದ್ದ, ಜೀವಿಗಳ ಜೀನ್ ಮಾರ್ಪಡಿಸುವ ವಿದ್ಯಾರ್ಥಿಗಳ ಐಜೆಮ್ ಸ್ಪರ್ಧೆಗೆ ಹೋದರು. ಅಲ್ಲಿ ನೋಡುಗನಿಗೆ ಗುಂಡಿಯಿಲ್ಲ. ಭಾಗವಹಿಸಿದವರೇ ಆ ಜೀವಿಯನ್ನು ಸಾಕಿದವರು.