ರಾಂಬಾಮ್ ಮೇಲಿನ ತಕರಾರು ಶುರುವಾಗಿದ್ದು ಎಲ್ಲಿ?

ಮೋಶೆ ಬೆನ್ ಮೈಮೋನ್. ಯಹೂದಿಗಳ ಬಾಯಲ್ಲಿ ರಾಂಬಾಮ್, ಯುರೋಪಿನವರಿಗೆ ಮೈಮೋನಿಡಿಸ್. ಯಹೂದಿ ಧರ್ಮಶಾಸ್ತ್ರದ ಮಾತು ಬಂದರೆ ಇವತ್ತಿಗೂ ಇವರ ಹೆಸರೇ ಮೊದಲು. ಇವರದೇ ಪುಸ್ತಕ ಓದಿದರೆ ಬಹಿಷ್ಕಾರ ಎಂದು ಸಾರಿದ ಕಾಲವೂ ಇತ್ತು. ಇಬ್ಬರೂ ಒಬ್ಬರೇನಾ ಎಂಬ ಅನುಮಾನ ಬರೋದು ಸಹಜ, ಅಲ್ವಾ?

ಹುಟ್ಟಿದ್ದು ಸ್ಪೇನಿನ ಕೊರ್ಡೊಬಾದಲ್ಲಿ, 1138ರ ಸುಮಾರಿಗೆ. 1148ರಲ್ಲಿ ಉತ್ತರ ಆಫ್ರಿಕಾದ ಕಟ್ಟರ್ ಮುಸ್ಲಿಂ ಮನೆತನವಾದ ಅಲ್ಮೊಹಾದ್ ದೊರೆಗಳು ಊರನ್ನು ಹಿಡಿದರು. ಯಹೂದಿಗಳಿಗೆ ಅಲ್ಲಿ ಉಳಿಗಾಲವಿರಲಿಲ್ಲ. ಮನೆಯವರೆಲ್ಲ ಊರೂರು ಅಲೆದು, ಮೊರಾಕೊದ ಫೆಸ್‌ನಲ್ಲಿ ಕೆಲವು ವರ್ಷ ಇದ್ದು, ಕೊನೆಗೆ ಕೈರೋ ಪಕ್ಕದ ಫುಸ್ತಾತ್‌ನಲ್ಲಿ ನೆಲೆ ನಿಂತರು.

ಇಲ್ಲಿಂದ ಮುಂದಿನದನ್ನು ನಿಧಾನಕ್ಕೆ ನೋಡಬೇಕು. ಮನೆಗೆ ದುಡಿಯುತ್ತಿದ್ದವನು ತಮ್ಮ ಡೇವಿಡ್, ವರ್ತಕ. ಅಣ್ಣನಿಗೆ ಓದು, ಬರಹ. ಕೆಂಪು ಸಮುದ್ರದ ಐದಾಬ್ ಬಂದರಿನಿಂದ ಡೇವಿಡ್ ಬರೆದ ಒಂದು ಪತ್ರ ಉಳಿದಿದೆ. ಕಷ್ಟಪಟ್ಟು ಮರುಭೂಮಿ ದಾಟಿ ಬಂದರೆ ಇಲ್ಲಿ ಬಟ್ಟೆಗೆ ಹಾಕುವ ನೀಲಿ ಬಣ್ಣ ಬಿಟ್ಟು ಬೇರೆ ಸರಕೇ ಇಲ್ಲ, ಅದಕ್ಕೇ ಭಾರತದ ಕಡೆ ಹಡಗು ಹತ್ತುತ್ತೇನೆ, ಮನೆಯವರಿಗೆ ಧೈರ್ಯ ಹೇಳು ಎನ್ನುತ್ತಾನೆ. ಮುಂದೆ ಹಿಂದೂ ಮಹಾಸಾಗರದಲ್ಲೇ ಅವನು ಮುಳುಗಿಹೋದ. ಜೊತೆಗೆ ಮನೆಯ ಹಣವೂ ಹೋಯಿತು. ಅಣ್ಣ ಒಂದು ವರ್ಷ ಹಾಸಿಗೆ ಹಿಡಿದರು. ಎಂಟು ವರ್ಷ ಕಳೆದ ಮೇಲೂ ತಮ್ಮನ ಕೈಬರಹ ಕಂಡರೆ ಕರುಳು ಹಿಂಡುತ್ತದೆ ಎಂದು ಬರೆದರು.

ಆಮೇಲೆ ವೈದ್ಯ ವೃತ್ತಿಯೇ ಜೀವನಾಧಾರ. ಹೆಸರು ಈಜಿಪ್ಟಿನ ಸುಲ್ತಾನ ಸಲಾದೀನನ ಅರಮನೆವರೆಗೂ ಹೋಯಿತು. 1199ರ ಪತ್ರವೊಂದರಲ್ಲಿ ತಮ್ಮ ದಿನಚರಿ ಹೇಳಿದ್ದಾರೆ: ಬೆಳಿಗ್ಗೆಯೇ ಕೈರೋಗೆ ಹೊರಟರೆ ಮಧ್ಯಾಹ್ನದ ಮೇಲೆ ಹಸಿದುಕೊಂಡು ವಾಪಸ್. ಮನೆ ತುಂಬ ರೋಗಿಗಳು. ಒಂದು ನಿಮಿಷ ತಾಳಿ ಎಂದು ಬೇಡಿಕೊಂಡು, ದಿನದ ಆ ಒಂದೇ ಊಟ ಮುಗಿಸಿ, ಮತ್ತೆ ರಾತ್ರಿವರೆಗೂ ಚಿಕಿತ್ಸೆ. ಸುಸ್ತಾಗಿ ಮಲಗಿಕೊಂಡೇ ಔಷಧಿ ಹೇಳುತ್ತಿದ್ದರಂತೆ.

ಇಷ್ಟರ ನಡುವೆ ಬರೆದದ್ದು ಸುಮ್ನೆ ಅಲ್ಲ. 1180ರ ಹೊತ್ತಿಗೆ 'ಮಿಶ್ನೆ ತೋರಾ' ಮುಗಿಯಿತು. ಧರ್ಮದ ಕಟ್ಟಳೆಗಳೆಲ್ಲ 14 ಭಾಗಗಳಲ್ಲಿ, ತಿಳಿಯಾದ ಹೀಬ್ರೂನಲ್ಲಿ. ಜನ ಕಷ್ಟಪಡಬಾರದು ಎಂದು ಯಾವ ಮಾತು ಯಾವ ಗ್ರಂಥದ್ದು ಎಂಬುದನ್ನು ಬಿಟ್ಟುಬಿಟ್ಟರು. ತಕರಾರು ಹುಟ್ಟಿದ್ದೇ ಇಲ್ಲಿ. ಆಧಾರ ಹೇಳದೆ ತೀರ್ಪು ಕೊಟ್ಟರೆ ಒಪ್ಪುವುದು ಹೇಗೆ ಎಂದು ಫ್ರಾನ್ಸಿನ ಪಂಡಿತ ಅಬ್ರಹಾಂ ಬೆನ್ ಡೇವಿಡ್ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅವರ ಆಕ್ಷೇಪಗಳು ಈಗಲೂ ಅದೇ ಪುಟದ ಅಂಚಿನಲ್ಲಿ ಅಚ್ಚಾಗುತ್ತವೆ.

1190ರ ಸುಮಾರಿಗೆ ಬಂದ 'ದಿಕ್ಕು ತೋಚದವರಿಗೆ ಮಾರ್ಗದರ್ಶಿ' ಕಿಡಿಯನ್ನು ದೊಡ್ಡದು ಮಾಡಿತು. ದೇವರಿಗೆ ಮೈಯಿಲ್ಲ, ಗ್ರಂಥದಲ್ಲಿ 'ದೇವರ ಕೈ' ಎಂದಿದ್ದರೆ ಅದು ಬರೀ ಮಾತಿನ ರೀತಿ ಎಂದರು. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನನ್ನೂ ಧರ್ಮವನ್ನೂ ಎದುರುಬದುರು ಕೂರಿಸಿದರು. 1204ರಲ್ಲಿ ರಾಂಬಾಮ್ ತೀರಿಕೊಂಡರು. ಅದೇ ವರ್ಷ ಅರಬ್ಬಿಯಲ್ಲಿದ್ದ ಆ ಪುಸ್ತಕ ಹೀಬ್ರೂಗೆ ಬಂದು, ಅರಬ್ಬಿ ಬಾರದವರ ಕೈಗೂ ಸಿಕ್ಕಿತು.

1232ರಲ್ಲಿ ಅದನ್ನು ಓದುವವರಿಗೆ ವಿರೋಧಿಗಳ ಗುಂಪು ಬಹಿಷ್ಕಾರ ಹಾಕಿತು, ರಾಂಬಾಮ್ ಪರದ ಗುಂಪು ಪ್ರತಿ ಬಹಿಷ್ಕಾರ ಹಾಕಿತು. ಸ್ವಲ್ಪದರಲ್ಲೇ ಫ್ರಾನ್ಸಿನ ಮಾಂಪೆಲಿಯೆದಲ್ಲಿ ಚರ್ಚಿನವರು ಪುಸ್ತಕ ಸುಟ್ಟರಂತೆ. ದೂರು ಹೋಗಿದ್ದು ಯಹೂದಿಗಳ ಕಡೆಯಿಂದಲೇ ಎಂಬ ಮಾತಿದೆ. ಮನೆ ಜಗಳ ಬೀದಿಗೆ ಹೋಗಿತ್ತು. ಮುಂದಿನ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಯಹೂದಿಗಳ ಧರ್ಮಗ್ರಂಥ ತಾಲ್ಮುದ್ ಗಾಡಿಗಟ್ಟಲೆ ಉರಿಯಿತು. ಆಗ ಯಾರು ಯಾವ ಪಕ್ಷ ಎಂದು ಯಾರೂ ಕೇಳಲಿಲ್ಲ. 1305ರಲ್ಲಿ ಬಾರ್ಸಿಲೋನಾದವರು 25 ವರ್ಷ ತುಂಬುವ ತನಕ ಗ್ರೀಕ್ ತತ್ತ್ವ ಓದಬಾರದು ಎಂದು ಕಟ್ಟುಮಾಡಿದರು. ನಂತರದ ಶತಮಾನಗಳಲ್ಲಿ ಪುಸ್ತಕ ಅಚ್ಚಾಯಿತು, ಜಗಳ ತಣ್ಣಗಾಯಿತು, ಆಗಾಗ ಹೊಗೆಯಾಡಿತು.

1896-97ರಲ್ಲಿ ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗ್‌ನ (ಯಹೂದಿ ಪ್ರಾರ್ಥನಾ ಮಂದಿರ) ಹಳೇ ಕಾಗದದ ಕೋಣೆಯಿಂದ ಲಕ್ಷಾಂತರ ಚೂರುಗಳು ಕೇಂಬ್ರಿಜ್‌ಗೆ ಹೋದವು. ಮಂಗಳೂರಲ್ಲಿ ವರ್ಷಗಟ್ಟಲೆ ವ್ಯಾಪಾರ ಮಾಡಿದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಉಳಿದುಬಂದದ್ದೂ ಇದೇ ರಾಶಿಯಲ್ಲಿ. ಅದರಲ್ಲೇ 'ಮಿಶ್ನೆ ತೋರಾ'ದ ಕರಡು ಹಾಳೆಗಳೂ ಇದ್ದವು, ರಾಂಬಾಮ್ ಕೈಯಲ್ಲೇ ಬರೆದವು. ಸಾಲುಗಳನ್ನು ಹೊಡೆದುಹಾಕಿ ಮತ್ತೆ ಬರೆದಿದ್ದಾರೆ.