ಅಬ್ರಹಾಮನಿಗೆ ಕೊಟ್ಟ ಮಾತು: ಕಾನಾನ್ ಮಾತ್ರಾನಾ, ಇಡೀ ಭೂಮಿನಾ?

ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 15:18 ತೆಗೀರಿ. ಐಗುಪ್ತದ ನದಿಯಿಂದ ಯೂಫ್ರೇಟಿಸ್ ನದಿಯವರೆಗಿನ ದೇಶ ನಿನ್ನ ಸಂತಾನಕ್ಕೆ ಅಂತ ದೇವರು ಅಬ್ರಹಾಮನಿಗೆ ಮಾತು ಕೊಡುತ್ತಾನೆ. 17:8ರಲ್ಲಿ ಕಾನಾನ್ ದೇಶ ಅವರಿಗೆ ಶಾಶ್ವತ ಸ್ವಾಸ್ತ್ಯ, ಅಂದ್ರೆ ಎಂದಿಗೂ ಉಳಿಯುವ ಆಸ್ತಿ. ವಾದ ಶುರುವಾಗೋದು ಇಲ್ಲಿಂದಲೇ.

ಒಂದು ಕಡೆಯವರು ಇಸ್ರಾಯೇಲೇ ಬೇರೆ, ಸಭೆಯೇ (ಕ್ರೈಸ್ತ ವಿಶ್ವಾಸಿಗಳ ಸಮುದಾಯ) ಬೇರೆ ಅಂತಾರೆ. 19ನೇ ಶತಮಾನದಲ್ಲಿ ಬೋಧಕ ಜಾನ್ ನೆಲ್ಸನ್ ಡಾರ್ಬಿ ಕಲಿಸಿದ್ದು ಇದನ್ನೇ, ಟಿಪ್ಪಣಿಗಳಿರುವ 1909ರ ಸ್ಕೋಫೀಲ್ಡ್ ಬೈಬಲ್ ಇದನ್ನು ಮನೆಮನೆಗೆ ಮುಟ್ಟಿಸಿತು. ಅವರ ಪ್ರಕಾರ ಆ ನೆಲ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯಲ್ಲಿ ಇಸ್ರಾಯೇಲ್ಯರಿಗೇ ಸಿಗಬೇಕು. ಇನ್ನೊಂದು ಕಡೆಯವರು ಯೆಹೋಶುವ 21:45 ತೋರಿಸುತ್ತಾರೆ: ಒಂದು ಮಾತೂ ತಪ್ಪಲಿಲ್ಲ, ಅಂದ್ರೆ ನೆಲದ ಮಾತು ಆಗಲೇ ನೆರವೇರಿತು ಅಂತ ಅವರ ವಾದ. ಆಮೇಲೆ ರೋಮಾಪುರದವರಿಗೆ 4:13. ಅಲ್ಲಿ ಪೌಲ ಕಾನಾನ್ ಅನ್ನೋದೇ ಇಲ್ಲ, ಅಬ್ರಹಾಮ ಲೋಕಕ್ಕೇ ಬಾಧ್ಯ (ವಾರಸುದಾರ) ಅಂತಾನೆ. ನನಗೆ ಈ ವಚನ ತುಂಬಾ ಗಟ್ಟಿ ಅನಿಸುತ್ತದೆ. ಕೀರ್ತನೆ 37ರಲ್ಲಿ ದೇಶವನ್ನು ಅನುಭವಿಸುವ ದೀನರು ಮತ್ತಾಯ 5:5ರಲ್ಲಿ ಭೂಮಿಗೆ ಬಾಧ್ಯರಾಗುತ್ತಾರೆ, ಅಲ್ವಾ?

ಆದರೆ ಇಲ್ಲೇ ಕೆಲವರು ಜಾರುತ್ತಾರೆ. ಇಬ್ರಿಯರಿಗೆ 11:16ರ ಪರಲೋಕದ ದೇಶ ಹಿಡಿದುಕೊಂಡು, ನೆಲ ಅಂದ್ರೆ ಬರೀ ಸ್ವರ್ಗದ ಗುರುತು ಅಂತ ಮುಗಿಸಿಬಿಡುತ್ತಾರೆ. ಬಾಗಲಕೋಟೆಯಲ್ಲಿ ಬೈಬಲ್ ಓದುವ ನಮ್ಮ ಗುಂಪಿನಲ್ಲಿ ಈ ಮಾತಿಗೆ ಯಾರೂ ತಲೆ ಆಡಿಸಲಿಲ್ಲ. ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟು ನವನಗರಕ್ಕೆ ಬಂದ ಮನೆಯವರು ನಮ್ಮಲ್ಲಿದ್ದಾರೆ, ನೆಲ ಅಂದ್ರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅವರಿಗೆ ಹಿಡಿಸಿದ್ದು ಆದಿಕಾಂಡ 23. ಹೆಂಡತಿ ಸಾರಳನ್ನು ಹೂಳಲು ಅಬ್ರಹಾಮನ ಹತ್ತಿರ ಜಾಗವೇ ಇಲ್ಲ. ಊರ ಬಾಗಿಲಲ್ಲಿ ಎಲ್ಲರೆದುರು ಹೊಲದ ಒಡೆಯ ಎಫ್ರೋನನಿಗೆ 400 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. 17ನೇ ವಚನ ನೋಡಿ: ಹೊಲ, ಅದರೊಳಗಿನ ಗವಿ, ಎಲ್ಲೆಯೊಳಗಿನ ಮರಗಳು. ಚಕ್ಕುಬಂದಿ ಬರೆದ ಖರೀದಿ ಪತ್ರವೇ ಸರಿ! ಇಡೀ ದೇಶದ ಮಾತು ಪಡೆದವನು ಸಮಾಧಿಗೆ ದುಡ್ಡು ಕೊಟ್ಟ. ಕಾಲಿಡುವಷ್ಟು ನೆಲವನ್ನೂ ದೇವರು ಅವನಿಗೆ ಕೊಡಲಿಲ್ಲ ಅಂತ ಸ್ತೆಫನ ಹೇಳುವುದು ಇದಕ್ಕೇ (ಅಪೊಸ್ತಲರ ಕೃತ್ಯಗಳು 7:5). ಅಂಥವನಿಗೆ ಕೊಟ್ಟ ಮಾತು ಕೊನೆಗೆ ಮಣ್ಣೇ ಇಲ್ಲದ ಜಾಗದಲ್ಲಿ ಮುಗಿಯುತ್ತದೆ ಅಂದ್ರೆ ನಾನು ಒಪ್ಪಲಾರೆ.

ಪ್ರಕಟನೆ 21:2ರಲ್ಲಿ ಜನ ಮೇಲೆ ಹೋಗುವುದಿಲ್ಲ, ದೇವರ ಪಟ್ಟಣವಾದ ಹೊಸ ಯೆರೂಸಲೇಮೇ ಕೆಳಗೆ ಇಳಿದು ಬರುತ್ತದೆ. 2 ಪೇತ್ರ 3:10ರ ಬೆಂಕಿ ಹಳೆ ಭೂಮಿಯನ್ನು ಅಳಿಸುತ್ತದೋ ಶುದ್ಧ ಮಾಡುತ್ತದೋ ಅನ್ನೋ ಜಗಳ ಇದೆ. ರೋಮಾಪುರದವರಿಗೆ 8:21ರಲ್ಲಿ ಸೃಷ್ಟಿಗೇ ಬಿಡುಗಡೆ ಅಂತ ಇರುವುದರಿಂದ ನಾನು ಎರಡನೆಯದನ್ನು ನಂಬುತ್ತೇನೆ.

ಮುಂದಿನ ಸಲ ಬರುವಾಗ ಆಮೋಸ 9:15 ಮತ್ತು ಯೆಹೆಜ್ಕೇಲ 47:22 ಜೊತೆಗಿಟ್ಟು ಓದಿಕೊಂಡು ಬನ್ನಿ. ಮೊದಲನೆಯದು ಇಸ್ರಾಯೇಲ್ಯರನ್ನು ಅವರ ನೆಲದಿಂದ ಇನ್ನು ಕೀಳುವುದಿಲ್ಲ ಅನ್ನುತ್ತದೆ. ಎರಡನೆಯದು ಅವರ ನಡುವೆ ಇರುವ ಪರದೇಶಿಗೂ ಸಮಪಾಲು ಕೊಡಿ ಅನ್ನುತ್ತದೆ. ಎರಡೂ ಕಡೆಯವರು ಈ ಎರಡಕ್ಕೂ ಉತ್ತರ ಕೊಡಲೇಬೇಕು.