ಕೋರ್ಟ್ ಮಾರ್ಷಲ್ ಅಲ್ಲ, ಮಿಲಿಟರಿ ಕಮಿಷನ್

ಕ್ಯೂಬಾದಲ್ಲಿ ಅಮೆರಿಕ ಉಗ್ರರೆಂದು ಹಿಡಿದವರನ್ನು ಇಟ್ಟಿರುವ ಸೇನಾ ಜೈಲು ಗ್ವಾಂಟನಾಮೊದ ಸುದ್ದಿ ಬಂದಾಗಲೆಲ್ಲ ಯಾರಾದರೊಬ್ಬರು ‘ಉಗ್ರರಿಗೆ ಕೋರ್ಟ್ ಮಾರ್ಷಲ್’ ಅಂತ ಬರೆದೇ ಬರೆಯುತ್ತಾರೆ. ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಅಲ್ಲ ಸ್ವಾಮಿ, ಕೋರ್ಟ್ ಮಾರ್ಷಲ್ ಅಂದರೆ ಸೇನೆಯ ನ್ಯಾಯಾಲಯ, ಅದು ಇರುವುದು ಮುಖ್ಯವಾಗಿ ತಪ್ಪು ಮಾಡಿದ ಸ್ವಂತ ಸೈನಿಕರಿಗೆ. ಗ್ವಾಂಟನಾಮೊದಲ್ಲಿ ನಡೆಯುವುದು ಮಿಲಿಟರಿ ಕಮಿಷನ್, ಅಂದರೆ ಶತ್ರು ಕಡೆಯವರ ವಿಚಾರಣೆಗೆ ಮಾಡಿದ ಬೇರೆಯೇ ಸೇನಾ ನ್ಯಾಯಮಂಡಳಿ.

ಮೊದಲು ಈ ‘ಮಾರ್ಷಲ್’ ಪುರಾಣ ಮುಗಿಸೋಣ. ಕೋರ್ಟ್ ಮಾರ್ಷಲ್, ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಮಾಸ್ಕ್ ಹಾಕದವರಿಗೆ ದಂಡ ಹಾಕುತ್ತಿದ್ದ ಬಿಬಿಎಂಪಿ ಮಾರ್ಷಲ್, ಕನ್ನಡದಲ್ಲಿ ಬರೆದರೆ ಎಲ್ಲಾ ಒಂದೇ. ಇಂಗ್ಲಿಷಿನಲ್ಲಿ ಸ್ಪೆಲ್ಲಿಂಗೂ ಬೇರೆ, ಹುಟ್ಟೂ ಬೇರೆ. ಕೋರ್ಟಿನ ಮಾರ್ಷಲ್ ಬಂದದ್ದು ರೋಮನ್ನರ ಯುದ್ಧದೇವರು ಮಾರ್ಸ್‌ನಿಂದ. ನಮ್ಮ ಮಂಗಳ ಗ್ರಹಕ್ಕೆ ಅವರಿಟ್ಟ ಹೆಸರೂ ಅದೇ. ಇನ್ನೊಂದು ಮಾರ್ಷಲ್ ಹಳೆಯ ಜರ್ಮನಿಕ್ ಮಾತು. ಅರ್ಥ, ಕುದುರೆ ಆಳು! ಲಾಯ ನೋಡಿಕೊಳ್ಳುತ್ತಿದ್ದವನು ಅರಮನೆಯಲ್ಲಿ ಮೇಲೇರುತ್ತಾ ಏರುತ್ತಾ ಕೊನೆಗೆ ಸೈನ್ಯದ ಅತಿ ದೊಡ್ಡ ಹುದ್ದೆಗೇ ಹೆಸರು ಕೊಟ್ಟ. ‘ಕೋರ್ಟ್ ಮಾರ್ಷಲ್’ ಅನ್ನುವ ಪದ ಹುಟ್ಟಿದ್ದು ಅವನಿಂದಲ್ಲ.

‘ಎರಡನ್ನೂ ನಡೆಸೋದು ಮಿಲಿಟರಿಯವರೇ ತಾನೇ, ಸುಮ್ನೆ ಯಾಕೆ ಕೂದಲು ಸೀಳ್ತೀರಿ’ ಅಂತೀರಾ? ಸಲೀಂ ಹಮ್ದಾನ್ ಕತೆ ನೋಡಿ. ಯೆಮೆನ್‌ನವನು, ಬಿನ್ ಲಾದೆನ್‌ನ ಡ್ರೈವರ್, 2001ರ ನವೆಂಬರಿನಲ್ಲಿ ಅಫ್ಘಾನಿಸ್ತಾನದಲ್ಲಿ ಸಿಕ್ಕಿಬಿದ್ದ. ಅದೇ ತಿಂಗಳು ಅಧ್ಯಕ್ಷ ಬುಷ್ ಆದೇಶ ಹೊರಡಿಸಿ ಹುಟ್ಟುಹಾಕಿದ ಕಮಿಷನ್‌ನಲ್ಲಿ, ಆರೋಪಿಯನ್ನು ಹೊರಗೆ ಕಳಿಸಿ ಅವನ ವಿರುದ್ಧದ ಸಾಕ್ಷ್ಯವನ್ನು ಕೇಳಬಹುದಿತ್ತು. ತನ್ನ ಮೇಲೆ ಯಾರು ಏನು ಹೇಳಿದರು ಅಂತ ಅವನಿಗೇ ಗೊತ್ತಾಗದೆ ಶಿಕ್ಷೆ ಆಗಬಹುದು ಅಂದಹಾಗಾಯ್ತು. ಕೋರ್ಟ್ ಮಾರ್ಷಲ್‌ನಲ್ಲಿ ಈ ಆಟ ನಡೆಯುವುದಿಲ್ಲ. ಹಾಗಾಗಿಯೇ, ಕೋರ್ಟ್ ಮಾರ್ಷಲ್ ಮಾಡುವುದಾದರೆ ಆ ಅಧಿಕಾರವನ್ನು ಪ್ರಶ್ನಿಸುವುದಿಲ್ಲ ಅಂತ ಹಮ್ದಾನ್ ಕಡೆಯವರೇ ಒಪ್ಪಿದ್ದರು. ನಾವು ಬೈಗುಳದ ಥರ ಬಳಸುವ ಪದ ಅವನಿಗೆ ರಕ್ಷಣೆಯಾಗಿತ್ತು ಅಲ್ವಾ?

2006ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–3ರಿಂದ ಅವನ ಪರ ನಿಂತಿತು. ಕೋರ್ಟ್ ಮಾರ್ಷಲ್ ನಿಯಮ ಬಿಟ್ಟದ್ದಕ್ಕೆ ತಕ್ಕ ಕಾರಣವಿಲ್ಲ, ಯುದ್ಧದಲ್ಲಿ ಸೆರೆಸಿಕ್ಕವರನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ಹೇಳುವ ಜಿನೀವಾ ಒಪ್ಪಂದಕ್ಕೂ ಇದು ವಿರುದ್ಧ ಅಂದಿತು. ಅದೇ ವರ್ಷ ಸಂಸತ್ತು ಹೊಸ ಕಾನೂನು ಮಾಡಿ ಕಮಿಷನ್‌ಗಳನ್ನು ವಾಪಸ್ ತಂದಿತು. ಜೊತೆಗೆ ಕೈದಿಗಳ ಹೇಬಿಯಸ್ ಕಾರ್ಪಸ್ ಹಕ್ಕಿಗೂ, ಅಂದರೆ ತಮ್ಮ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕಿಗೂ, ಕತ್ತರಿ ಹಾಕಿತ್ತು. ಆ ಭಾಗವನ್ನು 2008ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು.

ಹಮ್ದಾನ್‌ಗೆ 2008ರಲ್ಲಿ ಹೊಸ ಕಮಿಷನ್ ಐದೂವರೆ ವರ್ಷ ಶಿಕ್ಷೆ ಕೊಟ್ಟಿತು. ಅದರಲ್ಲಿ ಐದು ವರ್ಷಕ್ಕೂ ಜಾಸ್ತಿ ಆಗಲೇ ಕಳೆದಿತ್ತು ಅಂತ ಲೆಕ್ಕ ಹಾಕಿದರು. 2012ರಲ್ಲಿ ಮೇಲ್ಮನವಿ ಕೋರ್ಟ್ ಆ ಶಿಕ್ಷೆಯನ್ನೂ ರದ್ದು ಮಾಡಿತು. ಅಷ್ಟು ಹೊತ್ತಿಗೆ ಅವನು ಯೆಮೆನ್ ಸೇರಿ ನಾಲ್ಕು ವರ್ಷ ಆಗುತ್ತಾ ಬಂದಿತ್ತು.